ಕರ್ಮ ಬಿಟ್ಟುಹೋದ ಮಾತು

ಅವಳ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮನೆಯಲ್ಲೂ ಸೀಟಿ, ಕೆಲಸದ ಜಾಗದಲ್ಲೂ ಸೀಟಿ. ಉಕ್ಕಿನ ಹಾಳೆಗಳನ್ನು ಇಳಿಸಿ, ಪೇರಿಸಿ, ಮತ್ತೆ ಲಾರಿಗೆ ಏರಿಸುವ ದೊಡ್ಡದೊಂದು ಶೆಡ್ಡಿನಲ್ಲಿ ಕ್ರೇನಿಗೆ ಸಿಗ್ನಲ್ ಕೊಡುವುದು ಅವಳ ಕೆಲಸ. ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ, ಜೊತೆಗೆ ಎರಡು ಕೈ. ಒಮ್ಮೆ ಊದಿದರೆ ಎತ್ತು, ಎರಡು ಸಲ ಊದಿದರೆ ಇಳಿಸು, ಉಸಿರು ಮುಗಿಯುವ ತನಕ ಊದಿದರೆ ಎಲ್ಲಾ ನಿಲ್ಲಿಸು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದು ಸೇರಿದವಳು, ಭಾವನೇ ಹೇಳಿ ಕೊಡಿಸಿದ ಈ ಕೆಲಸದಲ್ಲಿ ತಲೆ ನರೆಯುವಷ್ಟು ಕಾಲ ಕಳೆದಿದ್ದಳು. ಭಾವ ಅದೇ ಶೆಡ್ಡಿನಲ್ಲಿ ಹಾಳೆಗಳಿಗೆ ಸರಪಳಿ ಬಿಗಿಯುವವನು. ಅವನು ಬಿಗಿಯುವುದು, ಇವಳು ಊದುವುದು, ಕ್ರೇನ್ ಎತ್ತುವುದು. ಬೆಳಗ್ಗೆ ಇಬ್ಬರೂ ಊಟದ ಡಬ್ಬಿ ಹಿಡಿದು ಹೊರಟರೆ ಅಕ್ಕ ಬಾಗಿಲಲ್ಲಿ ನಿಂತು ದಿನವೂ ಅದೇ ಮಾತು ಹೇಳುತ್ತಿದ್ದಳು: "ಜೋಪಾನ. ಇಬ್ರೂ ಬರ್ಬೇಕು ಸಂಜೆಗೆ."

ಹಳೆಯ ಶೆಡ್ಡು ಕೆಡವಿ ಹೊಸದನ್ನು ಕಟ್ಟಿದಾಗ ಆ ಸೀಟಿಯ ಕಾಲ ಮುಗಿಯಿತು. ಹೊಸ ಶೆಡ್ಡಿನಲ್ಲಿ ಕ್ರೇನು ಚಾವಣಿಗೆ ಹತ್ತಿಕೊಂಡಂತೆ ಕಂಬಿಗಳ ಮೇಲೆ ಓಡಾಡುತ್ತಿತ್ತು. ಅದರ ಹೊಟ್ಟೆಯಡಿ ನೇತುಬಿದ್ದ ಗಾಜಿನ ಗೂಡಿನಲ್ಲಿ ಕ್ರೇನ್ ಓಡಿಸುವವನು. ಹಾಳೆಗಳ ರಾಶಿ ಆಳೆತ್ತರಕ್ಕೂ ಮಿಗಿಲಾಗಿ ನಿಂತರೆ ಅದರ ಮರೆಯಲ್ಲಿ ಯಾರಿದ್ದಾರೆ ಎಂದು ಅವನಿಗೆ ಕಾಣುವುದಿಲ್ಲ. ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದಿನಲ್ಲಿ ಸೀಟಿ ಕೇಳುವುದೂ ಇಲ್ಲ. ಹಾಗಾಗಿ ಎಲ್ಲರ ಹೆಲ್ಮೆಟ್ಟಿಗೂ ವೈರ್‌ಲೆಸ್ ಬಂತು. ಎದೆಯ ಮೇಲಿನ ಗುಂಡಿ ಒತ್ತಿ ಮಾತಾಡಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಅಲ್ಲಿ ದುಡಿಯುವವರು ಹತ್ತಾರು ಕಡೆಯವರು, ಒಬ್ಬೊಬ್ಬರದು ಒಂದೊಂದು ಭಾಷೆ. ಕ್ರೇನಿನವನಂತೂ ಎಲ್ಲಿಂದಲೋ ಬಂದವನು. ಅದಕ್ಕೇ ವೈರ್‌ಲೆಸ್ಸಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಮ್ಯಾನೇಜರು ಹೇಳಿದರು. ಹೆಚ್ಚೇನಿಲ್ಲ, ಬೆರಳಲ್ಲಿ ಎಣಿಸುವಷ್ಟು ಪದ. ಲಿಫ್ಟ್, ಲೋವರ್, ಮೂವ್, ಸ್ಟಾಪ್, ಹೋಲ್ಡ್, ಇಂಥವು.

ಸೀಟಿ ಅವನ್ನು ಗಿಣಿಯಂತೆ ಬಾಯಿಪಾಠ ಮಾಡಿದಳು. ಅಡುಗೆಮನೆಯಲ್ಲಿ ಲಿಫ್ಟ್, ಬಚ್ಚಲಲ್ಲಿ ಲೋವರ್. ಕ್ರೇನಿನವನಿಗೆ ಎಲ್ಲರೂ 'ಮೇಲಿನವನು' ಎಂದು ಹೆಸರಿಟ್ಟಿದ್ದರು. "ಮೇಲಿನವನು ನೋಡ್ಕೋತಾನೆ ಬಿಡು" ಎಂದು ಭಾವ ನಗಿಸುತ್ತಿದ್ದ. ಒಂದಷ್ಟು ಕಾಲ ಎಲ್ಲಾ ಸರಾಗವಾಗಿಯೇ ನಡೆಯಿತು.

ಆಮೇಲೆ ಆ ಬೆಳಗ್ಗೆ ಬಂತು.

ಹಾಳೆಗಳ ಒಂದು ಕಟ್ಟು ಸರಪಳಿಯಲ್ಲಿ ಎದೆಯೆತ್ತರಕ್ಕೆ ತೂಗುತ್ತಿತ್ತು. ಕ್ರೇನು ನಿಂತಿತ್ತು. ಭಾವ ರಾಶಿಯ ಆಚೆ ಬದಿಗೆ ಹೋಗಿ, ಕಟ್ಟನ್ನು ಇಳಿಸುವ ಜಾಗದಲ್ಲಿ ಮರದ ದಿಮ್ಮಿ ಸರಿಮಾಡಲು ಬಗ್ಗಿದ್ದ. ಅವನ ಬೆನ್ನ ಹಿಂದೆ ಕಬ್ಬಿಣದ ಕಂಬ. ಸೀಟಿ, ಸಿಗ್ನಲ್ ಕೊಡುವವರು ನಿಲ್ಲಬೇಕಾದ ಹಳದಿ ಗೆರೆಯ ಮೇಲೆ ನಿಂತು ನೋಡುತ್ತಿದ್ದಳು. ಒಂದು ಸರಪಳಿಯ ಕೊಂಡಿ ತಿರುಚಿಕೊಂಡಿದ್ದು ಕಣ್ಣಿಗೆ ಬಿತ್ತು. ನೋಡನೋಡುತ್ತಿದ್ದಂತೆ ಕಟ್ಟಿನ ಒಂದು ಮೂಲೆ ಮೆಲ್ಲಗೆ ಕೆಳಕ್ಕೆ ವಾಲಿತು. ಅದು ಜಾರಿದರೆ ನೇರ ಭಾವನ ಬೆನ್ನ ಮೇಲೆ.

ಅವಳು ಗುಂಡಿ ಒತ್ತಿ ಕೂಗಿದಳು: "ಮೂವ್! ಮೂವ್!"

ಭಾವ ತಲೆ ಎತ್ತಿದ. ಅಷ್ಟರಲ್ಲಿ ಕಟ್ಟು ಅಲುಗಿತು. ಕೆಳಗೆ ಬೀಳಲಿಲ್ಲ. ಅಡ್ಡಡ್ಡ ನಡೆಯಿತು, ತೂಗುತ್ತಾ, ಭಾವನ ಕಡೆಗೇ. ಹಾಳೆಗಳ ಅಂಚು ಅವನ ಎದೆಗೂ ಕಂಬಕ್ಕೂ ನಡುವಿನ ಜಾಗವನ್ನು ನುಂಗುತ್ತಾ ಬಂತು. ಸೀಟಿಯ ಬಾಯಿಂದ ಮಾತೇ ಹೊರಡಲಿಲ್ಲ. ಭಾವ ನಿಂತಲ್ಲೇ ಕುಸಿದುಬಿದ್ದ. ಅಂಚು ಅವನ ಹೆಲ್ಮೆಟ್ಟನ್ನು ಸವರಿ ಕಂಬಕ್ಕೆ ಬಡಿಯಿತು.

ಹೆಲ್ಮೆಟ್ಟು ಸೀಳಿತ್ತು. ದಿಮ್ಮಿಯ ಮೇಲೆ ಬಿದ್ದ ಎಡಗೈ ಮಣಿಕಟ್ಟು ಮುರಿದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ. ಭಾವನನ್ನು ಎತ್ತಿ ಕೂರಿಸಿದಾಗ ಅವನು ಹೇಳಿದ ಮೊದಲ ಮಾತು, "ನಿಮ್ಮಕ್ಕನಿಗೆ ಕೈ ಅಂತ ಹೇಳು, ತಲೆ ವಿಷಯ ಎತ್ಬೇಡ."

ಮೇಲಿನವನು ಏಣಿಯಿಂದ ಇಳಿದು ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಸೀಟಿಯ ಮುಂದೆ ನಿಂತು ಎರಡೂ ಕೈ ಚಾಚಿ, "ಯು ಸೇ ಮೂವ್! ಐ ಮೂವ್!" ಎಂದ. ಬೈಯುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ.

"ನಿಂಗಲ್ಲ ಹೇಳಿದ್ದು! ಭಾವಂಗೆ ಹೇಳಿದ್ದು!" ಎಂದು ಇವಳು ತನ್ನ ಭಾಷೆಯಲ್ಲೇ ಕಿರುಚಿದಳು.

ಮ್ಯಾನೇಜರು ಇಬ್ಬರನ್ನೂ ಕೂರಿಸಿಕೊಂಡು ಸಮಾಧಾನದಿಂದಲೇ ಕೇಳಿದರು. ಇವಳು ಮೂವ್ ಅಂದದ್ದು ನಿಜ. ಅವನು ಮೂವ್ ಮಾಡಿದ್ದೂ ನಿಜ. ಇಬ್ಬರದೂ ತಪ್ಪಿಲ್ಲ ಅನ್ನಿಸುತ್ತದೆ, ಆದರೆ ಒಬ್ಬ ಮನುಷ್ಯ ಕಂಬಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿ ಹೋಗುತ್ತಿದ್ದ. ಅವರೂ ಹಣೆ ಒತ್ತಿಕೊಂಡರು. ಕಡೆಗೆ, "ಸ್ವಲ್ಪ ದಿನ ಗೇಟಿನ ಹತ್ರ ಕೆಲಸ ಮಾಡಮ್ಮ. ಧೈರ್ಯ ಬಂದ್ಮೇಲೆ ಬಾ. ಬರಲ್ಲ ಅಂದ್ರೆ ಕ್ಯಾಂಟೀನಲ್ಲಿ ಒಂದು ಜಾಗ ಇದೆ" ಎಂದರು.

ಧೈರ್ಯ ಎಲ್ಲಿಂದ ಬರಬೇಕು? ಅವಳನ್ನು ಹಿಡಿದಿದ್ದು ಬರೀ ಭಯವಲ್ಲ, ಅರ್ಥವಾಗದ ಭಯ. ಸರಪಳಿ ತುಂಡಾಗಿದ್ದರೆ ತಪ್ಪನ್ನು ಸರಪಳಿಯ ಮೇಲೆ ಹಾಕಬಹುದಿತ್ತು. ಕಣ್ಣು ತಪ್ಪಿದ್ದರೆ ಕಣ್ಣಿನ ಮೇಲೆ. ಇಲ್ಲಿ ಅವಳು ನೋಡಿದ್ದೂ ಸರಿ, ಕೂಗಿದ್ದೂ ಸರಿ. 'ಅಲ್ಲಿಂದ ಜರುಗು' ಎಂದು ಭಾವನಿಗೆ ಹೇಳಿದ ಮಾತನ್ನು ಕೇಳಿ ಕಬ್ಬಿಣ ಜರುಗಿತ್ತು. ತನ್ನ ಬಾಯಿಂದ ಹೊರಟ ಮಾತು ನಡುದಾರಿಯಲ್ಲಿ ಬೇರೆಯೇ ಆಗಿ ಹೋಗಿ ಭಾವನನ್ನು ಕೊಲ್ಲಹೊರಟಿತ್ತು. ಇನ್ನು ಬಾಯಿ ಬಿಡುವುದಾದರೂ ಹೇಗೆ?

ಮನೆಯಲ್ಲಿ ಅಕ್ಕ ಮೇಲಿನವನಿಗೆ ಹಿಡಿಶಾಪ ಹಾಕುತ್ತಿದ್ದಳು. "ಕಣ್ಣು ಎಲ್ಲಿಟ್ಕೊಂಡಿದ್ದ ಅವನು? ಆಕಾಶದಲ್ಲಿ ಕೂತ್ರೆ ಮನುಷ್ಯರು ಇರುವೆ ಥರ ಕಾಣ್ತಾರಾ?"

"ಅವಂದೇನೂ ತಪ್ಪಿಲ್ಲ ಕಣೇ" ಎಂದ ಭಾವ, ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿಟ್ಟುಕೊಂಡು. "ಇವಳು ನಂಗೆ ಹೇಳಿದ್ದನ್ನ ಅವನು ಮಾಡ್ದ. ನಾನೇ ಮಾಡ್ಬೇಕಿತ್ತು, ಸೋಮಾರಿ ನಾನು."

ಅಕ್ಕ ನಗಲಿಲ್ಲ. ತಂಗಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪ್ರಶ್ನೆ ಇತ್ತು. ಸೀಟಿಗೆ ಅದನ್ನೇ ತಡೆಯಲಾಗಲಿಲ್ಲ.

ಗೇಟಿನ ಕೆಲಸ ಸುಲಭದ್ದು, ಅಡ್ಡಗೋಲು ಎತ್ತಿ ಇಳಿಸುವುದು. ಅಲ್ಲೂ ಅವಳಿಗೆ ಬಾಯಿ ಬಿಡಲು ಭಯ. ಒಬ್ಬ ಲಾರಿಯವನು ಹಿಂದಕ್ಕೆ ಬರುತ್ತಾ, "ನಿಲ್ಲಿಸ್ಲಾ?" ಎಂದು ಕೇಳಿದರೆ ಇವಳು ಕಲ್ಲಿನಂತೆ ನಿಂತುಬಿಟ್ಟಳು. ಲಾರಿ ಗೋಡೆಗೆ ಮುಟ್ಟಿ ನಿಂತಿತು. ಹೆಂಚು ಒಂದೆರಡು ಉದುರಿದವು, ಅಷ್ಟೇ. ಆದರೆ ಅವಳು ಗೇಟಿನ ಗೂಡಿನೊಳಗೆ ಹೋಗಿ ಕೂತು, ಮೊಣಕಾಲು ಅಪ್ಪಿಕೊಂಡು, ಹಲ್ಲು ಕಟಕಟ ಎನ್ನುವುದನ್ನು ತಡೆಯಲು ಸೆರಗು ಕಚ್ಚಿಕೊಂಡಳು.

ಅವರ ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಜೀವಮಾನವಿಡೀ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದವರು, ಒಂಟಿ ಜೀವ. ಬೀದಿಯವರೆಲ್ಲ ಅವರನ್ನು 'ಏನನ್ನು ಮೇಷ್ಟ್ರು' ಎನ್ನುತ್ತಿದ್ದರು. ಒಂದು ಕಿವಿ ಮಂದವಾಗಿತ್ತೋ, ಪಾಠದ ಚಟವೋ, ಯಾರು ಏನು ಹೇಳಿದರೂ "ಏನನ್ನು?" ಎನ್ನುವುದು ಅವರ ವಾಡಿಕೆ. "ಮೇಷ್ಟ್ರೇ, ತಿಂದ್ರಾ?" ಎಂದರೆ "ಏನನ್ನು?" "ಮೇಷ್ಟ್ರೇ, ತಂದಿದ್ದೀನಿ!" ಎಂದರೆ "ಏನನ್ನು?" ಮಕ್ಕಳಿಗೆ ಅದೊಂದು ಆಟ.

ಒಂದು ಸಂಜೆ ಗೇಟಿನಿಂದ ಬಂದವಳು ಮೆಟ್ಟಿಲು ಹತ್ತದೆ ಅವರ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ಮೂವ್ ಅಂದ್ರೆ ಏನು?"

"ಏನನ್ನು?" ಎಂದರು ಅವರು, ಕಿವಿ ಮುಂದೆ ಮಾಡಿ.

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ನಿಂತಲ್ಲೇ ಎಲ್ಲಾ ಹೇಳಿದಳು, ಕೊಂಡಿ, ಕಟ್ಟು, ಕಂಬ, ಕೂಗು. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಳಗೆ ಕರೆದು ಕೂರಿಸಿ ನೀರು ಕೊಟ್ಟರು.

"ಯಾರು ಜರುಗಬೇಕಿತ್ತಮ್ಮ?"

"ಭಾವ."

"ಜರುಗಿದ್ದು?"

"ಲೋಡು."

"ಹಾಗಾದ್ರೆ ನೀನು ಹೇಳಿದ್ದು ಅಕರ್ಮಕ. ಅವನ ಕಿವಿಗೆ ಬಿದ್ದಿದ್ದು ಸಕರ್ಮಕ."

"ನನ್ನ ಕರ್ಮ ಅನ್ನಿ" ಎಂದಳು ಅವಳು ಮೂಗು ಒರೆಸಿಕೊಂಡು.

"ಆ ಕರ್ಮ ಅಲ್ಲಮ್ಮ, ವ್ಯಾಕರಣದ ಕರ್ಮ. ಹಣೆಬರಹಕ್ಕೆ ನನ್ನ ಹತ್ರ ಔಷಧಿ ಇಲ್ಲ. ಇದಕ್ಕಿದೆ." ಮೇಷ್ಟ್ರು ಎದ್ದು ತಮ್ಮ ಕುರ್ಚಿಯನ್ನು ಗೋಡೆಗೆ ತಳ್ಳಿದರು. "ಐ ಪುಶ್ ದಿ ಚೇರ್. ತಳ್ಳಿದವನು ಯಾರು? ನಾನು. ಏನನ್ನು ತಳ್ಳಿದೆ? ಕುರ್ಚಿಯನ್ನು. ನನ್ನ ಕೆಲಸದ ಏಟು ಹೋಗಿ ಬಿದ್ದಿದ್ದು ಕುರ್ಚಿ ಮೇಲೆ. ಅದೇ ಕರ್ಮ. ಕರ್ಮ ಇಲ್ಲದೆ ಬರೀ 'ಐ ಪುಶ್' ಅಂದ್ರೆ ಮಾತು ಕುಂಟುತ್ತೆ, ಕೇಳಿದವನು ಏನನ್ನು ಅಂತ ಬಾಯಿ ತೆರೀತಾನೆ. ಇಂಥದ್ದು ಸಕರ್ಮಕ. ಈಗ ಐ ಸ್ಲೀಪ್ ಅನ್ನು. ನಾನು ಮಲಗುತ್ತೇನೆ. ಏನನ್ನು ಮಲಗುತ್ತೀಯ?"

ಇಷ್ಟು ದಿನದಲ್ಲಿ ಮೊದಲ ಸಲ ಅವಳ ತುಟಿ ಅರಳಿತು. "ಏನನ್ನೂ ಇಲ್ಲ. ಬರೀ ಮಲಗೋದು."

"ನೋಡಿದ್ಯಾ? ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಸಕರ್ಮಕ. ಪ್ರಶ್ನೆಯೇ ಪೆದ್ದುಪೆದ್ದಾಗಿ ಕೇಳಿಸಿದ್ರೆ ಅಕರ್ಮಕ. ಇನ್ನು ನಿನ್ನ ಮೂವ್‌ಗೆ ಬರೋಣ. ನಮ್ಮಲ್ಲಿ 'ಸರಿ' ಅಂದ್ರೆ ನೀನು ಸರೀಬೇಕು. 'ಸರಿಸು' ಅಂದ್ರೆ ಇನ್ನೇನನ್ನೋ ಸರಿಸ್ಬೇಕು. ಇಳಿ, ಇಳಿಸು. ನಿಲ್ಲು, ನಿಲ್ಲಿಸು. ಕೊನೇಲಿ ಆ 'ಇಸು' ಸೇರಿದ ತಕ್ಷಣ ಯಾರಿಗಾದ್ರೂ ಗೊತ್ತಾಗುತ್ತೆ. ಇಂಗ್ಲಿಷಲ್ಲಿ ಸರಿಯೋದಕ್ಕೂ ಮೂವ್, ಸರಿಸೋದಕ್ಕೂ ಮೂವ್. ಮೂವ್ ಅಂತ ಸುಮ್ಮನಾದ್ರೆ, ನಿಂತಿರೋನು ತಾನು ಸರೀಬೇಕು ಅಂದ್ಕೋತಾನೆ. ಕೈಯಲ್ಲಿ ಲೋಡ್ ಹಿಡ್ಕೊಂಡು ಕಾಯ್ತಾ ಇರೋನು ಲೋಡನ್ನ ಸರಿಸ್ಬೇಕು ಅಂದ್ಕೋತಾನೆ. ಮೂವ್ ದಿ ಲೋಡ್ ಅಂದ್ರೆ ಮಾತ್ರ ಅನುಮಾನಕ್ಕೆ ಜಾಗ ಇಲ್ಲ."

ಅವಳು ಕುರ್ಚಿಯನ್ನೇ ನೋಡುತ್ತಾ ಕೂತಳು. ಕತ್ತಲೆಯಲ್ಲಿ ಕಾಲಿಗೆ ಸುತ್ತಿಕೊಂಡಿದ್ದು ಏನೆಂದು ಕೊನೆಗೂ ಕಂಡಿತ್ತು. ಅದರಿಂದ ಹಗುರವಾಗಬೇಕಿತ್ತು. ಆದರೆ ಆದದ್ದೇ ಬೇರೆ.

"ಮೇಷ್ಟ್ರೇ, ಸ್ಟಾಪ್?"

"ಅದೂ ಹಾಗೇ. ಎರಡು ಕಡೆಗೂ."

"ಟರ್ನ್? ಸ್ವಿಂಗ್? ಡ್ರಾಪ್?"

ಮೇಷ್ಟ್ರು ಒಂದೊಂದಕ್ಕೂ ತಲೆಯಾಡಿಸಿದರು. ಹೊಸ ಶೆಡ್ಡಿಗೆ ಬಂದಾಗಿನಿಂದ ಅವಳು ದಿನಕ್ಕೆಷ್ಟು ಬಾರಿ ಬರೀ 'ಸ್ಟಾಪ್' ಎಂದಿದ್ದಳೋ! ಬೀಳುವ ಹೊರೆಯ ಕೆಳಗೆ ಓಡುತ್ತಿರುವವನು ಅದನ್ನು ತನಗೆ ಹೇಳಿದ್ದೆಂದುಕೊಂಡು ಅಲ್ಲೇ ನಿಂತುಬಿಟ್ಟಿದ್ದರೆ? 'ಟರ್ನ್' ಎಂದಾಗ ಕಟ್ಟು ತಿರುಗುವ ಬದಲು ಭಾವ ಬೆನ್ನು ತಿರುಗಿಸಿದ್ದರೆ? ಕಳೆದುಹೋದ ದಿನಗಳೆಲ್ಲ ಒಂದೊಂದಾಗಿ ಎದ್ದುಬಂದು ಕತ್ತು ಹಿಡಿದಂತಾಯಿತು. ಗೊತ್ತಿಲ್ಲದಾಗ ಒಂದು ಮಾತಿನ ಭಯವಿತ್ತು. ಗೊತ್ತಾದ ಮೇಲೆ ಬಾಯಲ್ಲಿರುವ ಎಲ್ಲಾ ಮಾತಿನ ಭಯವಾಯಿತು.

"ನಾನು ಹೋಗಲ್ಲ ಮೇಷ್ಟ್ರೇ. ಕ್ಯಾಂಟೀನೇ ವಾಸಿ."

"ಹೋಗ್ಬೇಡ" ಎಂದರು ಅವರು ಮೆಲ್ಲಗೆ. "ಆದ್ರೆ ಪೂರ್ತಿ ಕಲಿತ್ಮೇಲೆ ಹೋಗಲ್ಲ ಅನ್ನು. ಕಲೀದೆ ಓಡ್ಬೇಡ."

ಅಲ್ಲಿಂದ ಅವಳು ಸಂಜೆ ಸಂಜೆ ಕೆಳಗಿನ ಕೋಣೆಗೆ ಹೋಗತೊಡಗಿದಳು. ಮೇಷ್ಟ್ರು ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಇವಳು ಓದಿ ಒರೆಸುತ್ತಿದ್ದಳು. ಕೆಲವು ಕ್ರಿಯಾಪದಗಳಿಗೆ ಒಂದೇ ಮುಖ ಎಂದು ಅವರು ತೋರಿಸಿಕೊಟ್ಟರು. ಗೋ, ಕಮ್ ಎಂದರೆ ಹೋಗುವವನು, ಬರುವವನು ಮನುಷ್ಯನೇ. ಕ್ರೇನಿನವನು 'ಗೋ' ಎಂಬುದನ್ನು ಕೇಳಿ ಹೊರೆಯನ್ನು ಹೊತ್ತು ನಡೆಯಲಾರ. ಲೋವರ್ ಎಂದರೆ ಏನನ್ನೋ ಇಳಿಸಲೇಬೇಕು. "ಲಿಫ್ಟ್ ಒಂದಿದೆ, ಮಂಜು ತಾನಾಗೇ ಮೇಲೇರಿದ್ರೂ ಲಿಫ್ಟ್ ಅಂತಾರೆ. ನಿಮ್ಮ ಶೆಡ್ಡಲ್ಲಿ ಮಂಜು ಇಲ್ಲ ತಾನೆ?" ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಮನುಷ್ಯರಿಗೆ ಗೋ, ಕಮ್, ಅಷ್ಟೇ. ಕಬ್ಬಿಣದ ಬಗ್ಗೆ ಹೇಳುವಾಗ ಕರ್ಮವಿಲ್ಲದೆ ಬಾಯಿಬಿಡುವ ಹಾಗಿಲ್ಲ. ಲಿಫ್ಟ್ ದಿ ಲೋಡ್. ಹೋಲ್ಡ್ ದಿ ಲೋಡ್. ಲೋವರ್ ದಿ ಹುಕ್. ಸ್ಟಾಪ್ ದಿ ಕ್ರೇನ್.

ಮನೆಗೆ ಬಂದರೆ ಅದೇ ಜಪ. ತರಕಾರಿ ಹೆಚ್ಚುತ್ತಾ, "ಐ ಕಟ್ ದಿ ಆನಿಯನ್. ಐ ಓಪನ್ ದಿ ಡೋರ್. ಐ ಫಿಲ್ ದಿ ಪಾಟ್."

"ಏನೇ ಅದು, ಮಂತ್ರ ಹಾಕ್ತಿದ್ಯಾ?" ಎಂದಳು ಅಕ್ಕ.

"ನೀನೂ ಹೇಳಕ್ಕ. ಐ ವಾಶ್. ಏನನ್ನು?"

"ನಿನ್ನ ತಲೆನ!"

"ಸರಿಯಾಗಿದೆ! ಐ ವಾಶ್ ಯುವರ್ ಹೆಡ್. ಕರ್ಮ ಬಂತು."

ಒಳಗಿನ ಕೋಣೆಯಿಂದ ಭಾವ ಕೂಗಿದ. "ನನ್ನ ಈ ಜನ್ಮದ ಕರ್ಮ ಅಲ್ಲೇ ಅಡುಗೆಮನೇಲಿದೆ, ಎರಡೆರಡು!" ಅಕ್ಕ ಸೌಟು ಹಿಡಿದು ಒಳಗೆ ನುಗ್ಗಿದಳು. ಎಲ್ಲರೂ ನಕ್ಕರು. ನಗುತ್ತಿದ್ದ ಸೀಟಿಗೆ ಒಮ್ಮೆಲೇ ನೆನಪಾಯಿತು. ಅವನ ಮಣಿಕಟ್ಟು ಕೂಡುತ್ತಿತ್ತು. ಇನ್ನೇನು ಅವನು ಕೆಲಸಕ್ಕೆ ಹೊರಡುತ್ತಾನೆ. ಇವಳು ಹೋಗದಿದ್ದರೆ ಅವನ ತಲೆಯ ಮೇಲಿನ ಹೊರೆಗೆ ಇನ್ನ್ಯಾರೋ ಬರೀ 'ಮೂವ್' ಎನ್ನುತ್ತಾರೆ. ಕ್ಯಾಂಟೀನಿನ ಆಸೆ ಅವಳು ಬಿಟ್ಟಿದ್ದು ಧೈರ್ಯ ಬಂದು ಅಲ್ಲ. ಹೋಗದೆ ಇರುವ ಭಯ ಹೋಗುವ ಭಯಕ್ಕಿಂತ ದೊಡ್ಡದಾಯಿತು, ಅಷ್ಟೇ.

ಆದರೆ ಮಾತಿಗೆ ಹೇಳುವ ಬಾಯಿ ಒಂದಾದರೆ ಕೇಳುವ ಕಿವಿ ಇನ್ನೊಂದು. ಮೇಲಿನವನು ಅಪಘಾತದ ನಂತರ ಊಟಕ್ಕೂ ಕೆಳಗಿಳಿಯುತ್ತಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ, ಕ್ರೇನು ನಿಂತಿದ್ದಾಗ, ಮ್ಯಾನೇಜರನ್ನು ಕೇಳಿಕೊಂಡು ಅವಳೇ ಏಣಿ ಹತ್ತಿದಳು. ಇಷ್ಟು ಕಾಲ ಕ್ರೇನಿನ ಕೆಳಗೆ ಬದುಕಿದವಳು ಒಂದು ಸಲವೂ ಮೇಲೆ ಹೋದವಳಲ್ಲ. ಅರ್ಧಕ್ಕೆ ಬಂದಾಗ ಅಕಸ್ಮಾತ್ ಕೆಳಗೆ ನೋಡಿದಳು. ಅಂಗೈ ಬೆವತು ಸರಳು ಜಾರತೊಡಗಿತು. ಕಣ್ಣು ಮುಚ್ಚಿ, ಒಂದೊಂದೇ ಮೆಟ್ಟಿಲಿಗೆ "ಐ ಹೋಲ್ಡ್ ದಿ ಬಾರ್, ಐ ಹೋಲ್ಡ್ ದಿ ಬಾರ್" ಎನ್ನುತ್ತಾ ತೆವಳಿದಂತೆ ಮೇಲೆ ಬಂದಳು.

ಮೇಲಿನವನು ಬೆರಗಾಗಿ ಕೈ ಕೊಟ್ಟು ಒಳಗೆ ಎಳೆದುಕೊಂಡ. ಗಾಜಿನ ಗೂಡಿನಲ್ಲಿ ಇಬ್ಬರು ನಿಲ್ಲುವುದೇ ಕಷ್ಟ. ಉಸಿರು ತಹಬಂದಿಗೆ ಬಂದ ಮೇಲೆ ಅವಳು ಗಾಜಿಗೆ ಹಣೆ ಒತ್ತಿ ನೋಡಿದಳು. ರಾಶಿಗಳ ತಲೆ ಮಾತ್ರ ಕಾಣುತ್ತಿತ್ತು. ಅವುಗಳ ನಡುವೆ ಕಪ್ಪು ಸಂದು. ಭಾವ ಅಂದು ಬಗ್ಗಿದ್ದ ಜಾಗವನ್ನು ಹುಡುಕಿದಳು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅಲ್ಲಿ ಯಾರಾದರೂ ಇದ್ದರೂ ಇಲ್ಲಿಂದ ನೋಡಿದರೆ ಇಲ್ಲವೇ ಇಲ್ಲ. ಈ ಮನುಷ್ಯ ಇಡೀ ದಿನ ಕಣ್ಣಿಲ್ಲದೆ ಕಬ್ಬಿಣ ತೂಗಾಡಿಸುತ್ತಾನೆ, ಕೆಳಗೆ ನಿಂತ ಅವಳ ಮಾತೊಂದನ್ನೇ ನಂಬಿಕೊಂಡು.

ಅವನು ತನ್ನ ಎರಡೂ ಅಂಗೈ ಅವಳ ಮುಂದೆ ಚಾಚಿದ. ಬೆರಳು ಸಣ್ಣಗೆ ನಡುಗುತ್ತಿದ್ದವು. "ಎವ್ರಿ ಡೇ" ಎಂದ.

"ಮಿ ಆಲ್ಸೋ" ಎಂದಳು ಅವಳು.

ಆಮೇಲೆ ಗಾಜಿನ ಮೇಲೆ ಉಸಿರಾಡಿ ಮಬ್ಬು ಮಾಡಿ, ಬೆರಳಲ್ಲಿ ಒಂದು ಚೌಕ ಬರೆದಳು. ಅದು ಲೋಡು. ಪಕ್ಕದಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ. ಬೆರಳಿಟ್ಟು ತೋರಿಸಿದಳು. "ಮೂವ್?" ಚೌಕವೋ ಮನುಷ್ಯನೋ ಎಂಬಂತೆ ಕೈ ತಿರುಗಿಸಿದಳು. ಅವನು ನೋಡಿದ. ಅವನ ಮುಖದಲ್ಲಿ ಅಂದಿನ ಬೆಳಗ್ಗೆ ಮತ್ತೆ ನಡೆದದ್ದು ಅವಳಿಗೆ ಕಾಣಿಸಿತು.

"ಐ ಸೇ ದಿ ಲೋಡ್, ಯು ಮೂವ್ ದಿ ಲೋಡ್. ನೋ ಲೋಡ್ ಇನ್ ಮೈ ಮೌತ್, ಯು ಡೋಂಟ್ ಮೂವ್. ಯು ಆಸ್ಕ್. ವಾಟ್?"

"ಐ ಆಸ್ಕ್ ವಾಟ್" ಎಂದ ಅವನು. ಆಣೆ ಮಾಡುವವನ ಹಾಗೆ ಎರಡು ಸಲ ಹೇಳಿದ. ಮ್ಯಾನೇಜರಿಗೂ ಅದು ಹಿಡಿಸಿತು. ಶೆಡ್ಡಿನ ಎಲ್ಲರಿಗೂ ಅದೇ ನಿಯಮವೆಂದು ಮಾಡಿದರು.

ಭಾವ ಕೆಲಸಕ್ಕೆ ಮರಳಿದ ದಿನ ಅಕ್ಕ ಬಾಗಿಲಲ್ಲಿ ಏನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ತಪ್ಪುತ್ತದೋ ಎಂಬಂತೆ ತುಟಿ ಬಿಗಿದು ನಿಂತಿದ್ದಳು. ಸೀಟಿ ಹಳದಿ ಗೆರೆಯ ಮೇಲೆ ಕಾಲಿಟ್ಟಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಮೊದಲ ಕಟ್ಟು. "ಲಿಫ್ಟ್ ದಿ ಲೋಡ್." ತನ್ನ ದನಿ ಅವಳಿಗೇ ಬೇರೆಯವರದ್ದಾಗಿ ಕೇಳಿಸಿತು. ಲೋಡು ಎದ್ದಿತು. "ಮೂವ್ ದಿ ಲೋಡ್ ಲೆಫ್ಟ್." ಎಡಕ್ಕೆ ನಡೆಯಿತು. "ಲೋವರ್ ದಿ ಲೋಡ್." ಇಳಿಯಿತು. ಎರಡನೆಯದು, ಮೂರನೆಯದು. ಬೆವರು ಹೆಲ್ಮೆಟ್ಟಿನ ಪಟ್ಟಿಯಿಂದ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಯಾರಾದರೂ ಸಿಗ್ನಲ್ ಎಂದುಕೊಂಡಾರೆಂದು ಒರೆಸಿಕೊಳ್ಳಲಿಲ್ಲ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಒಂದು ಕಟ್ಟು ಎತ್ತರದಲ್ಲಿ ತೂಗುತ್ತಾ ನಿಂತಿತ್ತು. ಭಾವ ಮತ್ತೆ ಅದೇ ಸಂದಿನಲ್ಲಿದ್ದ, ಹಿಂದೆ ಅದೇ ಕಂಬ. ಆಚೆಯಿಂದ ಸಾಮಾನು ಸಾಗಿಸುವ ಒಂದು ಗಾಡಿ ಹಿಂದಕ್ಕೆ ಬರುತ್ತಾ ಪಕ್ಕದ ರಾಶಿಗೆ ಡಿಕ್ಕಿ ಹೊಡೆಯಿತು. ರಾಶಿ ಮುಲುಗಿತು. ಮೇಲಿನ ಹಾಳೆಗಳು ಭಾವ ಇದ್ದ ಕಡೆಗೆ ಒಂದರ ಮೇಲೊಂದು ಜಾರತೊಡಗಿದವು.

ಕಲಿತದ್ದೆಲ್ಲ ಅವಳ ತಲೆಯಿಂದ ಆರಿಹೋಯಿತು. ಕಪಾಟಿನ ಬಾಗಿಲಿಲ್ಲ, ಸೀಮೆಸುಣ್ಣವಿಲ್ಲ, ಕಟ್ಟಳೆಯಿಲ್ಲ. ಹೆಬ್ಬೆರಳು ಗುಂಡಿ ಒತ್ತಿತು, ಬಾಯಿ ತಾನಾಗಿ ಕಿರುಚಿತು.

"ಮೂವ್! ಮೂವ್!"

ಕೂಗಿದ ಕ್ಷಣವೇ ಅವಳಿಗೆ ಗೊತ್ತಾಯಿತು. ಈಗ ಲೋಡು ಅಲುಗುತ್ತದೆ, ಈಗ, ಈಗ. ಅವಳು ಕಣ್ಣು ಮುಚ್ಚಲೂ ಆಗದೆ ನಿಂತಳು.

ಲೋಡು ಅಲುಗಲಿಲ್ಲ.

ಕಿವಿಯಲ್ಲಿ ಗರಗರ ಸದ್ದು. ಅದರೊಳಗಿಂದ ನಡುಗುವ ದನಿಯೊಂದು ಇಳಿದು ಬಂತು: "ಮೂವ್ ವಾಟ್?"

ಆ ಪ್ರಶ್ನೆ ಅವಳ ಬಾಯಿಯ ಬೀಗ ತೆಗೆಯಿತು. "ಹೋಲ್ಡ್ ದಿ ಲೋಡ್! ಹೋಲ್ಡ್ ದಿ ಲೋಡ್!"

"ಹೋಲ್ಡಿಂಗ್ ದಿ ಲೋಡ್" ಎಂದ ಮೇಲಿನವನು.

"ಗೋ ಬ್ಯಾಕ್! ಗೋ ಬ್ಯಾಕ್!" ಎಂದಳು ಭಾವನಿಗೆ. ಭಾವ ಕದಲಲಿಲ್ಲ. ಹಿಂದಿನ ಸಲದ ಏಟು ಮೈಯಲ್ಲಿ ಇನ್ನೂ ಇತ್ತೇನೋ, ತಲೆಯ ಮೇಲಿನ ಹೊರೆಯನ್ನೇ ನೋಡುತ್ತಾ ಕಂಬಕ್ಕೆ ಒರಗಿ ನಿಂತುಬಿಟ್ಟಿದ್ದ. ನಗಿಸುತ್ತಿದ್ದ ಆ ಮುಖ ಮಗುವಿನ ಮುಖದಂತಾಗಿತ್ತು. ಸೀಟಿ ಶೆಡ್ಡಿನ ನಿಯಮವನ್ನು ಗಾಳಿಗೆ ತೂರಿದಳು. ಇಡೀ ವೈರ್‌ಲೆಸ್ಸಿಗೆ ಕೇಳುವಂತೆ ಕೂಗಿದಳು: "ಭಾವ! ಹಿಂದೆ ಹೋಗಿ! ಅಕ್ಕ ಕಾಯ್ತಾ ಇದ್ದಾಳೆ, ಹೋಗಿ!"

ಭಾವ ಬೆಚ್ಚಿಬಿದ್ದವನಂತೆ ಕಂಬದ ಹಿಂದಕ್ಕೆ ನುಸುಳಿದ. ಅವನ ಕಾಲು ಮರೆಯಾಗುತ್ತಿದ್ದಂತೆ ಹಾಳೆಗಳು ಅವನು ನಿಂತಿದ್ದ ಜಾಗಕ್ಕೆ ಧಡಧಡ ಸುರಿದವು. ನೆಲ ಅದುರಿತು. ಧೂಳು ಎದ್ದಿತು. ಮೇಲೆ ಲೋಡು ಅಲ್ಲಾಡದೆ ತೂಗುತ್ತಿತ್ತು.

ಅದನ್ನು ಇಳಿಸಬೇಕಲ್ಲ. ಅವಳು ಒಂದೊಂದೇ ಪದ ಹೆಕ್ಕಿ ಇಟ್ಟಂತೆ, ಮೂವ್ ದಿ ಲೋಡ್ ರೈಟ್ ಎಂದಳು. ಲೋವರ್ ದಿ ಲೋಡ್ ಎಂದಳು. ಸ್ಟಾಪ್ ದಿ ಕ್ರೇನ್ ಎಂದಳು. ಎಲ್ಲಾ ಮುಗಿದ ಮೇಲೆ ಹಳದಿ ಗೆರೆಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿಕೊಂಡಳು. ಭಾವ ಬಂದು ಪಕ್ಕದಲ್ಲಿ ಕೂತ. ಮೇಲಿನವನು ಆವತ್ತು ಕೆಳಗಿಳಿದು ಬಂದು, ತನ್ನ ಡಬ್ಬಿ ತೆರೆದು, ಅವರೊಂದಿಗೇ ಉಂಡ.

ವಿಷಯ ಅಕ್ಕನಿಗೆ ಗೊತ್ತಾದದ್ದು ಭಾವನ ಬಾಯಿಂದಲೇ. ಅವನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ. ಅಕ್ಕ ಒಂದು ವಾರ ಇಬ್ಬರ ಜೊತೆಯೂ ಮಾತು ಬಿಟ್ಟಳು. ಆಮೇಲೆ ಭಾವನನ್ನು ಹಟ ಹಿಡಿದು ಉಗ್ರಾಣದ ಕೆಲಸಕ್ಕೆ ಹಾಕಿಸಿದಳು. ತಂಗಿಗೂ ಅದನ್ನೇ ಹೇಳಿದಳು. ತಂಗಿ ಒಪ್ಪಲಿಲ್ಲ. ಯಾಕೆ ಎಂದರೆ ಸರಿಯಾಗಿ ಹೇಳಲೂ ಬರಲಿಲ್ಲ. "ಅಲ್ಲಿ ಬೇರೆಯವರ ಭಾವಂದಿರು ಇದ್ದಾರಕ್ಕ" ಎಂದಷ್ಟೇ ಅಂದಳು.

ಭಯ ಅವಳನ್ನು ಬಿಟ್ಟು ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲೂ ಬೆಳಗಿನ ಪಾಳಿಗೆ ಮುಂಚೆ ಅವಳಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಮೊದಲ ಲೋಡು ನೆಲಕ್ಕೆ ಮುಟ್ಟಿದ ಮೇಲೆಯೇ ಹಸಿವು. ಹೊಸದಾಗಿ ಸಿಗ್ನಲ್ ಕಲಿಯಲು ಬಂದವರನ್ನು ಅವಳು ಮೊದಲು ಕೆಳಗಿನ ಕೋಣೆಯ ಮೇಷ್ಟ್ರ ಹತ್ತಿರ ಕಳಿಸುತ್ತಿದ್ದಳು. ಅವರ ಇನ್ನೊಂದು ಕಿವಿಯೂ ಮಂದವಾಗಿತ್ತು. ಪಾಠಕ್ಕೆ ಅದರಿಂದ ಅನುಕೂಲವೇ ಆಗಿತ್ತು, ಕೂಗಿ ಹೇಳದೆ ವಿಧಿಯಿಲ್ಲವಲ್ಲ.

ಒಮ್ಮೆ ಶೆಡ್ಡಿನವರು ಮನೆಮಂದಿಗೆ ಕೆಲಸ ತೋರಿಸಲೆಂದು ಒಂದು ಭಾನುವಾರ ಗೇಟು ತೆರೆದಿಟ್ಟರು. ಬರುವುದಿಲ್ಲ ಎಂದೇ ಹೇಳುತ್ತಿದ್ದ ಅಕ್ಕ ಕೊನೆಗೆ ಬಂದಳು. ದೊಡ್ಡದೊಂದು ಹೆಲ್ಮೆಟ್ಟು ಹಾಕಿಕೊಂಡು, ತಂಗಿಯ ಹಿಂದೆ ಹಳದಿ ಗೆರೆಯ ಮೇಲೆ ನಿಂತಳು. ಮೇಲೆ ಗಾಜಿನ ಗೂಡಿನಿಂದ ಒಂದು ಕೈ ಬೀಸಿತು. ಅಕ್ಕ ಅದನ್ನು ನೋಡಿ, ಏನೋ ಗೊಣಗಿ, ತಾನೂ ಕೈ ಎತ್ತಲು ಹೋಗಿ, ಎತ್ತಬಾರದೇನೋ ಎಂದು ಅರ್ಧಕ್ಕೇ ಇಳಿಸಿದಳು.

"ಲಿಫ್ಟ್ ದಿ ಲೋಡ್" ಎಂದಳು ಸೀಟಿ.

ಉಕ್ಕಿನ ಕಟ್ಟು ನೆಲ ಬಿಟ್ಟು ಎದ್ದಿತು. ಹಿಂದಿನಿಂದ ಅಕ್ಕನ ಕೈ ಬಂದು ತಂಗಿಯ ಕೋಟನ್ನು ಬೆನ್ನ ಹತ್ತಿರ ಮುಷ್ಟಿ ಕಟ್ಟಿ ಹಿಡಿಯಿತು. ಲೋಡು ಆಚೆ ಬದಿಗೆ ಹೋಗಿ ಇಳಿದು, ಸರಪಳಿ ಸಡಿಲಾಗುವ ತನಕ ಆ ಮುಷ್ಟಿ ಸಡಿಲಾಗಲಿಲ್ಲ.